ಡಾ. ಕಮಲಾ ಸೊಹೋನಿ

ನಾನು ಈ ಕಾಲೇಜಿನಲ್ಲಿ ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಓದುತ್ತಿರುವ ವಿದ್ಯಾರ್ಥಿನಿ. ವಾರ್ಷಿಕ ಸಂಚಿಕೆಗೆ ಒಬ್ಬ ರಸಾಯನಶಾಸ್ತ್ರಜ್ಞೆಯ ಜೀವನವನ್ನು ಬರೆಯಹೊರಟಿದ್ದೇನೆಂದು ತಿಳಿದು ಗೆಳತಿಯರಲ್ಲಿ ಕೆಲವರು ನಕ್ಕರು. ಅರಸರನ್ನೂ ಕವಿಗಳನ್ನೂ ಬಿಟ್ಟು ಆಮ್ಲ ಕ್ಷಾರಗಳ ಗೊಡವೆ ನನಗೇಕೆಂದು ಕೇಳಿದವರೂ ಉಂಟು. ಅವರಿಗೆ ಉತ್ತರ ಹೇಳಬೇಕಾದರೆ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ಇಲ್ಲಿಗೆ ಬರುವ ಮೊದಲು ನಾನು ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ಓದಿದೆ. ಮೊದಲ ವರ್ಷದ ಪ್ರಯೋಗಶಾಲೆಯಲ್ಲಿ ಕಲಿಸುವ ಮುಖ್ಯ ಪಾಠವೆಂದರೆ ಟೈಟ್ರೇಷನ್. ಕನ್ನಡ ಪಠ್ಯಗಳಲ್ಲಿ ಅದಕ್ಕೆ ಅನುಮಾಪನವೆಂದು ಹೆಸರು. ಶಕ್ತಿ ಎಷ್ಟೆಂದು ಗೊತ್ತಿರುವ ಆಕ್ಸಾಲಿಕ್ ಆಮ್ಲದ ದ್ರಾವಣವನ್ನು ಪಿಪೆಟ್ಟಿನಿಂದ 10 ಮಿಲಿಲೀಟರು ಅಳೆದು ಫ್ಲಾಸ್ಕಿಗೆ ಬಿಡುವುದು. ಅದಕ್ಕೆ ಫಿನಾಲ್ಫ್ತಲೀನ್ ಎಂಬ ಸೂಚಕದ ಎರಡು ಹನಿ ಹಾಕುವುದು. ಮೇಲೆ ಬ್ಯೂರೆಟ್ಟಿನಲ್ಲಿ, ಶಕ್ತಿ ಗೊತ್ತಿಲ್ಲದ ಕಾಸ್ಟಿಕ್ ಸೋಡದ ದ್ರಾವಣ. ಅದನ್ನು ಹನಿ ಹನಿಯಾಗಿ ಬಿಡುತ್ತ ಫ್ಲಾಸ್ಕನ್ನು ಅಲ್ಲಾಡಿಸುತ್ತಿದ್ದರೆ ಬಹಳ ಹೊತ್ತು ಏನೂ ಆಗುವುದಿಲ್ಲ. ಕೊನೆಗೆ ಒಂದೇ ಒಂದು ಹನಿಗೆ ನೀರಿನಂತಿದ್ದ ದ್ರಾವಣ ತೆಳುವಾದ ಗುಲಾಬಿ ಬಣ್ಣಕ್ಕೆ ತಿರುಗಿ ಹಾಗೆಯೇ ನಿಲ್ಲುತ್ತದೆ. ಆಮ್ಲವೆಲ್ಲ ಕ್ಷಾರದೊಡನೆ ಕೂಡಿ ಮುಗಿಯಿತೆಂಬುದಕ್ಕೆ ಅದೇ ಗುರುತು. ಎಷ್ಟು ಕ್ಷಾರ ಇಳಿಯಿತೆಂದು ಬ್ಯೂರೆಟ್ಟನ್ನು ಓದಿಕೊಂಡರೆ ಗೊತ್ತಿರುವುದರಿಂದ ಗೊತ್ತಿಲ್ಲದ್ದನ್ನು ಲೆಕ್ಕಹಾಕಬಹುದು. ಒಂದು ಸಲದ ಓದಿಕೆಯನ್ನು ಯಾರೂ ನಂಬುವುದಿಲ್ಲ. ಒಂದಕ್ಕೊಂದು ಹೊಂದುವ ಓದಿಕೆಗಳು ಬರುವವರೆಗೆ ಮತ್ತೆ ಮತ್ತೆ ಮಾಡಬೇಕು.

ಒಂದು ಸಂಜೆ ನನಗೆ ಮೊದಲ ಸಲ 9.8, ಎರಡನೆಯ ಸಲ 10.1 ಬಂದಿತು. ಉತ್ತರಹಳ್ಳಿಗೆ ಹೋಗುವ ಬಸ್ಸಿನ ಹೊತ್ತಾಗಿತ್ತು. ಮೂರನೆಯ ಸಲ ಮಾಡದೆಯೇ ಪುಸ್ತಕದಲ್ಲಿ ಇನ್ನೊಂದು 9.8 ಬರೆದು ಮೇಷ್ಟ್ರ ಮುಂದೆ ಹಿಡಿದೆ. ಅವರು ನನ್ನ ಪುಸ್ತಕವನ್ನು ನೋಡಿದರು. ಆಮೇಲೆ ನನ್ನ ಬ್ಯೂರೆಟ್ಟನ್ನು ನೋಡಿದರು. ಪುಸ್ತಕದ ಪ್ರಕಾರ ದ್ರಾವಣ 29.7ರ ಗೆರೆಗೆ ಇಳಿದಿರಬೇಕು. ಬ್ಯೂರೆಟ್ಟಿನಲ್ಲಿ ಅದು 19.9ರಲ್ಲೇ ನಿಂತಿತ್ತು. ಅವರು ಗದರಲಿಲ್ಲ. ಎಲ್ಲವನ್ನೂ ಚೆಲ್ಲಿ, ತೊಳೆದು, ಮೊದಲಿನಿಂದ ಮಾಡುವಂತೆ ಹೇಳಿ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕುಳಿತರು. ಉಳಿದವರೆಲ್ಲ ಹೊರಟುಹೋದರು. ನಾನು ಕಣ್ಣೀರು ತಡೆದುಕೊಂಡು ಹನಿ ಬಿಡುತ್ತಿರುವಾಗ, ಇದೇ ಊರಿನ ಒಂದು ಪ್ರಯೋಗಶಾಲೆಯಲ್ಲಿ ಒಂದು ವರ್ಷ ಕಾಲ ಒಂದು ಓದಿಕೆಯನ್ನೂ ತಪ್ಪು ಬರೆಯುವ ಅವಕಾಶವಿಲ್ಲದೆ ಕೆಲಸ ಮಾಡಿದ ಒಬ್ಬ ಹುಡುಗಿಯ ಕಥೆಯನ್ನು ಅವರು ಹೇಳಿದರು. ಆ ಹುಡುಗಿಯೇ ಮುಂದೆ ಡಾ. ಕಮಲಾ ಸೊಹೋನಿ ಎಂದು ಹೆಸರಾದರು. ಅಂದು ಕೇಳಿದ್ದನ್ನೂ, ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಕಮಲಾ ಅವರು 1911ನೆಯ ಇಸವಿ ಜೂನ್ 18ರಂದು ಇಂದೂರಿನಲ್ಲಿ ಹುಟ್ಟಿದರು. ತಂದೆ ನಾರಾಯಣರಾವ್ ಭಾಗವತರೂ ಚಿಕ್ಕಪ್ಪ ಮಾಧವರಾವ್ ಭಾಗವತರೂ ರಸಾಯನಶಾಸ್ತ್ರಜ್ಞರು. ಇಬ್ಬರೂ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಎಂದರೆ ಭಾರತೀಯ ವಿಜ್ಞಾನ ಮಂದಿರದಲ್ಲಿ, ಕಲಿತು ಹೋದವರು. ಅಕ್ಕ ದುರ್ಗಾ ಭಾಗವತರು ಮರಾಠಿಯ ಪ್ರಸಿದ್ಧ ಲೇಖಕಿ. 1975ರಲ್ಲಿ ಕರಾಡದ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿ, ತುರ್ತು ಪರಿಸ್ಥಿತಿಯನ್ನು ಎದುರಿಸಿ ಮಾತನಾಡಿದ ದಿಟ್ಟೆ ಅವರೇ. ಇಂಥ ಮನೆಯಲ್ಲಿ ಹೆಣ್ಣುಮಗಳೊಬ್ಬಳು ವಿಜ್ಞಾನ ಓದುವುದು ಆಶ್ಚರ್ಯದ ವಿಷಯವಾಗಿರಲಿಲ್ಲ. ಕಮಲಾ ಅವರು 1933ರಲ್ಲಿ ಬೊಂಬಾಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ರಸಾಯನಶಾಸ್ತ್ರವನ್ನು ಮುಖ್ಯವಾಗಿಯೂ ಭೌತಶಾಸ್ತ್ರವನ್ನು ಉಪವಿಷಯವಾಗಿಯೂ ತೆಗೆದುಕೊಂಡು ಮೊದಲನೆಯವರಾಗಿ ತೇರ್ಗಡೆಯಾದರು. ತಂದೆಯೂ ಚಿಕ್ಕಪ್ಪನೂ ಓದಿದ ಸಂಸ್ಥೆಯಲ್ಲಿಯೇ ಸಂಶೋಧನೆ ಮಾಡಬೇಕೆಂದು ಬೆಂಗಳೂರಿಗೆ ಅರ್ಜಿ ಹಾಕಿದರು.

ಸರ್ ಸಿ. ವಿ. ರಾಮನ್ ಅವರು ಅದೇ ವರ್ಷ ಆ ಸಂಸ್ಥೆಯ ನಿರ್ದೇಶಕರಾಗಿ ಬಂದಿದ್ದರು. 1930ರಲ್ಲಿ ನೊಬೆಲ್ ಪಾರಿತೋಷಿಕ ಪಡೆದ ಮಹಾವಿಜ್ಞಾನಿ. ಆ ಪೀಠಕ್ಕೆ ಬಂದ ಮೊದಲ ಭಾರತೀಯರು. ಅರ್ಜಿ ತಿರಸ್ಕೃತವಾಯಿತು. ಅಂಕಗಳು ಸಾಲದೆಂದಲ್ಲ. ಅರ್ಜಿ ಹಾಕಿದವಳು ಹೆಂಗಸೆಂಬುದೇ ಕಾರಣವಾಗಿತ್ತು. ತಂದೆಯೂ ಚಿಕ್ಕಪ್ಪನೂ ಕೇಳಿಕೊಂಡರೂ ಉತ್ತರ ಬದಲಾಗಲಿಲ್ಲ. ಆಗ ಕಮಲಾ ಅವರು ತಾವೇ ಬೆಂಗಳೂರಿಗೆ ಬಂದು ರಾಮನ್ನರನ್ನು ಕಂಡು, ತಮ್ಮನ್ನು ಸೇರಿಸಿಕೊಳ್ಳದಿರಲು ಕಾರಣವೇನೆಂದು ಕೇಳಿದರು. ಅದು ಗಾಂಧೀಜಿಯವರ ಕಾಲ. ನ್ಯಾಯ ದೊರೆಯುವವರೆಗೆ ಅವರ ಕಚೇರಿಯ ಬಾಗಿಲಿನಲ್ಲಿ ಸತ್ಯಾಗ್ರಹಕ್ಕೆ ಕೂರಲು ಈ ಹುಡುಗಿ ಸಿದ್ಧಳಾಗಿದ್ದಳು. ವಯಸ್ಸು ಇಪ್ಪತ್ತೆರಡು, ತನ್ನದಲ್ಲದ ಊರು, ಎದುರಿಗೆ ಜಗದ್ವಿಖ್ಯಾತರಾದ ಪುರುಷರು. ಈ ಭಾಗವನ್ನು ಕೇಳಿದಾಗ ನನ್ನ ಕೈ ಬ್ಯೂರೆಟ್ಟಿನ ಮೇಲೆಯೇ ನಿಂತುಬಿಟ್ಟಿತು.

ಕೊನೆಗೆ ಪ್ರವೇಶ ದೊರೆಯಿತು. ಆದರೆ ಮೂರು ಷರತ್ತುಗಳ ಮೇಲೆ. ಮೊದಲ ವರ್ಷ ಅವರನ್ನು ಕ್ರಮಬದ್ಧ ವಿದ್ಯಾರ್ಥಿನಿಯೆಂದು ಗಣಿಸುವುದಿಲ್ಲ. ಕೆಲಸದ ಗುಣವನ್ನು ನೋಡಿ ಆಮೇಲೆ ತೀರ್ಮಾನ. ಮಾರ್ಗದರ್ಶಕರು ಹೇಳಿದರೆ ರಾತ್ರಿಯ ವೇಳೆಯಲ್ಲಿಯೂ ಕೆಲಸ ಮಾಡಬೇಕು. ಪ್ರಯೋಗಶಾಲೆಯ ವಾತಾವರಣವನ್ನು ಕೆಡಿಸಬಾರದು, ಎಂದರೆ ಅಲ್ಲಿ ಕೆಲಸ ಮಾಡುವ ಪುರುಷರ ಗಮನ ಬೇರೆಡೆಗೆ ಹೋಗಲು ಕಾರಣವಾಗಬಾರದು. ಮೊದಲಿನ ಎರಡನ್ನು ಕಠಿಣವೆನ್ನಬಹುದು. ಮೂರನೆಯದು ಅವಮಾನ. ಕಮಲಾ ಅವರಿಗೆ ಅದು ತಿಳಿಯದೆ ಇರಲಿಲ್ಲ. ಆದರೂ ಮೂರನ್ನೂ ಒಪ್ಪಿಕೊಂಡು ಒಳಗೆ ಹೋದರು. ಒಳಗೆ ಹೋಗದೆ ತಮ್ಮ ಯೋಗ್ಯತೆಯನ್ನು ತೋರಿಸಲು ಬೇರೆ ದಾರಿ ಇರಲಿಲ್ಲ.

ಅವರ ಪುಣ್ಯಕ್ಕೆ ದೊರೆತ ಗುರುಗಳು ಎಂ. ಶ್ರೀನಿವಾಸಯ್ಯನವರು. ನಮ್ಮ ಮಲೆನಾಡಿನ ಶ್ರೀಗಂಧದ ಮರಗಳನ್ನು ಹಾಳುಮಾಡುತ್ತಿದ್ದ ಸ್ಪೈಕ್ ರೋಗವನ್ನು ಕುರಿತು ವರ್ಷಗಟ್ಟಲೆ ಪರಿಶೋಧಿಸಿದ ಜೀವರಸಾಯನಶಾಸ್ತ್ರಜ್ಞರು ಅವರು. ಶಿಸ್ತಿನಲ್ಲಿ ಬಹು ಕಟ್ಟುನಿಟ್ಟು. ಕಲಿಯುವ ಹಸಿವಿದ್ದವರಿಗೆ ಕಲಿಸುವುದರಲ್ಲಿ ಕೈಬಿಚ್ಚಿದವರು. ಕಮಲಾ ಅವರು ಅವರ ಕೈಕೆಳಗೆ ಬೆಳಗಿನ ಜಾವದಿಂದ ರಾತ್ರಿಯವರೆಗೆ ದುಡಿದರು. ಎತ್ತಿಕೊಂಡ ವಿಷಯ ಹಾಲು, ಬೇಳೆ, ಕಾಳುಗಳಲ್ಲಿರುವ ಪ್ರೋಟೀನು. ಹಳೆಯ ಕನ್ನಡ ಪಠ್ಯಗಳಲ್ಲಿ ಸಸಾರಜನಕವೆಂದು ಕರೆಯುತ್ತಿದ್ದ ಪದಾರ್ಥ. ಅನ್ನವೂ ಬೇಳೆಯೂ ತೊಟ್ಟು ಹಾಲೂ ಇದ್ದರೆ ಊಟವಾಯಿತೆನ್ನುವ ನಾಡಿನಲ್ಲಿ, ಬಡವರ ತಟ್ಟೆಯಲ್ಲಿ ನಿಜವಾಗಿ ಎಷ್ಟು ಪೋಷಣೆಯಿದೆಯೆಂದು ತಿಳಿಯುವುದು ಸಣ್ಣ ಕೆಲಸವಲ್ಲ. ಇಂಥ ಕೆಲಸದಲ್ಲಿ ಆಮ್ಲ ಕ್ಷಾರಗಳ ಟೈಟ್ರೇಷನ್ ಹೇಗೆ ಬರುತ್ತದೆಂಬುದನ್ನು ವಿಜ್ಞಾನ ಓದದ ನನ್ನ ಗೆಳತಿಯರಿಗಾಗಿ ಸ್ವಲ್ಪ ವಿವರಿಸುತ್ತೇನೆ.

ಮೊದಲು ಹಾಲು. ನಮ್ಮ ಅಜ್ಜಿ ಉತ್ತರಹಳ್ಳಿಯಲ್ಲಿ ಎರಡು ಹಸು ಕಟ್ಟಿದ್ದರು. ಸುತ್ತಲೂ ಬಡಾವಣೆಗಳು ಎದ್ದಮೇಲೂ ಹಾಲು ಹಾಕುವುದನ್ನು ಅವರು ಬಿಟ್ಟಿರಲಿಲ್ಲ. ಒಂದು ಬೇಸಿಗೆಯಲ್ಲಿ ಅವರು ಕೊಟ್ಟ ಹಾಲು ಹುಳಿಯಾಗಿದೆಯೆಂದು ಹಿಂದಿರುಗಿ ಬಂತು. ಅಜ್ಜಿಗೆ ಕೋಪ ಬಂದು, ಹಾಲು ತೆಗೆದುಕೊಳ್ಳುವವರು ಮೋಸಮಾಡುತ್ತಿದ್ದಾರೆಂದು ಬೀದಿಗೆಲ್ಲ ಕೇಳುವಂತೆ ಹೇಳಿದರು. ನಾನು ಮೇಷ್ಟ್ರಿಗೆ ಈ ಸಂಗತಿಯನ್ನು ತಿಳಿಸಿದಾಗ ಅವರು ಮರುದಿನದ ಹಾಲನ್ನು ತರಲು ಹೇಳಿದರು. 10 ಮಿಲಿಲೀಟರು ಹಾಲಿಗೆ ಸೂಚಕವನ್ನು ಹಾಕಿ, ಹತ್ತನೆಯ ಒಂದು ನಾರ್ಮಲ್ ಶಕ್ತಿಯ ಕಾಸ್ಟಿಕ್ ಸೋಡವನ್ನು ಹನಿ ಹನಿಯಾಗಿ ಬಿಟ್ಟೆ. ಆಗ ಕರೆದ ಹಾಲು ಹೀರಿದ್ದು ಸುಮಾರು 1.6 ಮಿಲಿಲೀಟರು. ಇಂಥ ದ್ರಾವಣದ ಒಂದು ಮಿಲಿಲೀಟರು 0.009 ಗ್ರಾಂ ಲ್ಯಾಕ್ಟಿಕ್ ಆಮ್ಲಕ್ಕೆ ಸಮ. ಆ ಲೆಕ್ಕದಲ್ಲಿ ಹಾಲಿನ ಹುಳಿ ನೂರಕ್ಕೆ 0.14ರಷ್ಟಾಯಿತು. ಹೊಸ ಹಾಲಿನಲ್ಲಿ ನಿಜವಾದ ಲ್ಯಾಕ್ಟಿಕ್ ಆಮ್ಲ ಇರುವುದೇ ಇಲ್ಲವೆನ್ನುವಷ್ಟು ಕಡಿಮೆ. ಅಷ್ಟು ಕ್ಷಾರವನ್ನು ಹೀರುವುದು ಅದರಲ್ಲಿರುವ ಪ್ರೋಟೀನು ಮತ್ತು ಫಾಸ್ಫೇಟುಗಳು. ಹೊತ್ತು ಕಳೆದಂತೆ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ; ಓದಿಕೆ ಏರುತ್ತದೆ. ಎರಡು ದಾಟಿ ಎರಡೂವರೆಯ ಹತ್ತಿರ ಬಂದಿತೆಂದರೆ ಕಾಯಿಸಿದಾಗ ಹಾಲು ಒಡೆಯುವ ಭಯ. ಅಜ್ಜಿಯ ಕ್ಯಾನಿನ ಹಾಲಿಗೆ 2.6 ಬಂದಿತು. ವಿಚಾರಿಸಿದಾಗ, ಹಿಂದಿನ ಸಂಜೆ ಉಳಿದ ಹಾಲನ್ನು ಬೆಳಗಿನ ಹಾಲಿಗೆ ಬೆರೆಸುತ್ತಿದ್ದ ಸಂಗತಿ ಹೊರಬಿತ್ತು. ತಪ್ಪು ನಮ್ಮ ಮನೆಯದೇ. ಅಜ್ಜಿ ಒಂದು ದಿನ ಮಾತಾಡಲಿಲ್ಲ. ಮರುದಿನದಿಂದ ಸಂಜೆಯ ಹಾಲನ್ನು ಹೆಪ್ಪುಹಾಕತೊಡಗಿದರು. ಅಳತೆಗೆ ನಮ್ಮವರು ಹೊರಗಿನವರು ಎಂಬ ಭೇದವಿಲ್ಲವೆಂದು ನನಗೆ ಅಂದು ಮನದಟ್ಟಾಯಿತು.

ಇನ್ನು ಬೇಳೆ. ಬೇಳೆಯಲ್ಲಿರುವ ಪ್ರೋಟೀನನ್ನು ಅಳೆಯಲು ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ ಎಂಬ ರಸಾಯನಶಾಸ್ತ್ರಜ್ಞರು 1883ರಲ್ಲಿ ಒಂದು ಉಪಾಯವನ್ನು ಕಂಡುಹಿಡಿದರು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಬಾರ್ಲಿಯ ಪರೀಕ್ಷೆಗಾಗಿ ಹುಟ್ಟಿದ ಈ ವಿಧಾನ ಜಗತ್ತಿನ ಆಹಾರ ಪ್ರಯೋಗಶಾಲೆಗಳಿಗೆಲ್ಲ ಹಬ್ಬಿತು. 1930ರ ದಶಕದಲ್ಲಿ ಆಹಾರದ ಪ್ರೋಟೀನಿನ ಮೇಲೆ ಕೆಲಸ ಮಾಡುವವರಿಗೆ ಇದೇ ರಾಜಮಾರ್ಗ. ಒಂದು ಗ್ರಾಂ ಬೇಳೆಯ ಹಿಟ್ಟನ್ನು ಉದ್ದ ಕತ್ತಿನ ಫ್ಲಾಸ್ಕಿನಲ್ಲಿ ಪ್ರಬಲ ಗಂಧಕಾಮ್ಲದೊಡನೆ ಗಂಟೆಗಟ್ಟಲೆ ಕಾಯಿಸುತ್ತಾರೆ. ಹಿಟ್ಟು ಕರಿಯಾಗಿ, ಕೊನೆಗೆ ಕರಗಿ ತಿಳಿಯಾಗುತ್ತದೆ. ಪ್ರೋಟೀನಿನಲ್ಲಿದ್ದ ಸಾರಜನಕವೆಲ್ಲ ಅಮೋನಿಯಂ ಲವಣವಾಗಿ ಉಳಿಯುತ್ತದೆ. ಅದಕ್ಕೆ ಕ್ಷಾರವನ್ನು ಹಾಕಿ ಬಟ್ಟಿಯಿಳಿಸಿದರೆ ಅಮೋನಿಯಾ ಹೊರಬರುತ್ತದೆ. ಅದನ್ನು, ಮೊದಲೇ ಅಳೆದಿಟ್ಟ 50 ಮಿಲಿಲೀಟರು ಆಮ್ಲದಲ್ಲಿ ಹಿಡಿಯುತ್ತಾರೆ. ಅಮೋನಿಯಾ ತಿಂದಷ್ಟು ಆಮ್ಲ ಹೋಗಿ ಮಿಕ್ಕದ್ದು ಎಷ್ಟೆಂದು ಕ್ಷಾರವನ್ನು ಬಿಟ್ಟು ಟೈಟ್ರೇಷನ್ ಮಾಡಿ ನೋಡುತ್ತಾರೆ. 25 ಮಿಲಿಲೀಟರು ಮಿಕ್ಕಿದ್ದರೆ 25 ಹೋಗಿದೆಯೆಂದು ಅರ್ಥ. ಹತ್ತನೆಯ ಒಂದು ನಾರ್ಮಲ್ ಆಮ್ಲದ ಒಂದು ಮಿಲಿಲೀಟರಿಗೆ 1.4 ಮಿಲಿಗ್ರಾಂ ಸಾರಜನಕ. ಒಟ್ಟು 35 ಮಿಲಿಗ್ರಾಂ. ಪ್ರೋಟೀನಿನ ತೂಕದಲ್ಲಿ ನೂರಕ್ಕೆ 16 ಪಾಲು ಸಾರಜನಕವಿರುವುದರಿಂದ ಅದನ್ನು 6.25ರಿಂದ ಗುಣಿಸಿದರೆ ಸುಮಾರು 219 ಮಿಲಿಗ್ರಾಂ ಪ್ರೋಟೀನು. ಎಂದರೆ ಬೇಳೆಯಲ್ಲಿ ನೂರಕ್ಕೆ ಸುಮಾರು 22 ಪಾಲು ಪ್ರೋಟೀನು. ನಮ್ಮ ತೊಗರಿಬೇಳೆಯಲ್ಲಿ ಇರುವುದು ಹೆಚ್ಚು ಕಡಿಮೆ ಇಷ್ಟೇ.

ಇಲ್ಲಿ ಬ್ಯೂರೆಟ್ಟಿನ ಒಂದು ಮಿಲಿಲೀಟರು ತಪ್ಪಿದರೆ ನೂರಕ್ಕೆ ಸುಮಾರು ಒಂದು ಪಾಲು ಪ್ರೋಟೀನು ಲೆಕ್ಕ ತಪ್ಪುತ್ತದೆ. ಸೂಚಕವನ್ನು ಆರಿಸುವುದರಲ್ಲಿಯೂ ಎಚ್ಚರ ಬೇಕು. ಅಮೋನಿಯಂ ಲವಣದ ದ್ರಾವಣ ತಾನೇ ಸ್ವಲ್ಪ ಆಮ್ಲಗುಣವುಳ್ಳದ್ದಾದ್ದರಿಂದ ನಮ್ಮ ಗುಲಾಬಿ ಬಣ್ಣದ ಫಿನಾಲ್ಫ್ತಲೀನ್ ಇಲ್ಲಿ ಸುಳ್ಳು ಹೇಳುತ್ತದೆ. ಮೆಥಿಲ್ ರೆಡ್ಡಿನಂಥ ಬೇರೊಂದು ಸೂಚಕ ಬೇಕು. ಬಟ್ಟಿಯ ಕೊಳವೆಯಲ್ಲಿ ಕೂದಲೆಳೆಯಷ್ಟು ಸಂದಿಯಿದ್ದರೆ ಅಮೋನಿಯಾ ಹೊರಗೆ ಹೋಗಿ ಇಡೀ ದಿನದ ಕೆಲಸ ವ್ಯರ್ಥ. ಇಂಥ ಕೆಲಸವನ್ನು ಯಾರೋ ಒಬ್ಬ ಹುಡುಗ ಮಾಡಿ ತಪ್ಪಿದರೆ ಅದು ಆ ಹುಡುಗನ ತಪ್ಪು. ಕಮಲಾ ಅವರು ತಪ್ಪಿದ್ದರೆ ಅದು ಎಲ್ಲ ಹೆಂಗಸರ ತಪ್ಪೆಂದು ಲೆಕ್ಕಕ್ಕೆ ಹೋಗುತ್ತಿತ್ತು. ಆ ಒಂದು ವರ್ಷದ ಭಾರ ಅದು. ಬಸ್ಸಿಗೆ ಹೊತ್ತಾಯಿತೆಂದು 9.8 ಬರೆದ ನನಗೆ ಈ ಮಾತು ಬಹಳ ದಿನ ಚುಚ್ಚುತ್ತಿತ್ತು.

ವರ್ಷ ತುಂಬಿತು. ಕೆಲಸವನ್ನು ನೋಡಿದ ರಾಮನ್ನರು ಸಂತುಷ್ಟರಾಗಿ ಕಮಲಾ ಅವರನ್ನು ಕ್ರಮಬದ್ಧ ವಿದ್ಯಾರ್ಥಿನಿಯಾಗಿ ಸೇರಿಸಿಕೊಂಡರು. ಆಮೇಲೆ ಆ ಸಂಸ್ಥೆಯಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ರಾಮನ್ನರ ಪ್ರಯೋಗಶಾಲೆಯಲ್ಲಿಯೇ ಮುಂದೆ ಹೆಣ್ಣುಮಕ್ಕಳು ಸಂಶೋಧನೆ ನಡೆಸಿದರು. ಹವಾಮಾನ ವಿಜ್ಞಾನದಲ್ಲಿ ದೊಡ್ಡ ಹೆಸರಾದ ಅನ್ನಾ ಮಾಣಿಯವರು 1940ರಲ್ಲಿ ಅಲ್ಲಿಗೆ ಬಂದರು. ರಾಮನ್ನರಂಥ ಮೇಧಾವಿಗಳು ಬೆಳಕಿನ ವಿಷಯದಲ್ಲಿ ಪ್ರಯೋಗವಿಲ್ಲದೆ ಏನನ್ನೂ ಒಪ್ಪುತ್ತಿರಲಿಲ್ಲ. ಹೆಂಗಸರ ವಿಷಯದಲ್ಲಿ ಮಾತ್ರ ಪ್ರಯೋಗಕ್ಕೆ ಮೊದಲೇ ತೀರ್ಮಾನ ಬರೆದಿಟ್ಟಿದ್ದರು. ಆದರೆ ಓದಿಕೆ ಬೇರೆಯಾಗಿ ಬಂದಾಗ ತಮ್ಮ ತೀರ್ಮಾನವನ್ನು ತಿದ್ದಿಕೊಂಡರು. ಈ ಎರಡನ್ನೂ ಹೇಳಿದರೆ ಮಾತ್ರ ಅವರಿಗೆ ನ್ಯಾಯ ಸಲ್ಲಿಸಿದಂತಾಗುವುದೆಂದು ನನ್ನ ಭಾವನೆ.

1936ರಲ್ಲಿ ಬೊಂಬಾಯಿ ವಿಶ್ವವಿದ್ಯಾನಿಲಯದಿಂದ ಎಂ.ಎಸ್‌ಸಿ. ಪದವಿ ದೊರೆಯಿತು. ವಿದ್ಯಾರ್ಥಿವೇತನಗಳು ದೊರೆತು 1937ರ ಕೊನೆಯಲ್ಲಿ ಕಮಲಾ ಅವರು ಇಂಗ್ಲೆಂಡಿನ ಕೇಂಬ್ರಿಜ್ಜಿಗೆ ಹೋಗಿ ನ್ಯೂನಮ್ ಕಾಲೇಜನ್ನು ಸೇರಿದರು. ಅಲ್ಲಿ ಜೀವರಸಾಯನಶಾಸ್ತ್ರದ ಮುಖ್ಯಸ್ಥರು ನೊಬೆಲ್ ಪಾರಿತೋಷಿಕ ಪಡೆದ ಫ್ರೆಡರಿಕ್ ಗೌಲಂಡ್ ಹಾಪ್ಕಿನ್ಸ್. ಪ್ರಯೋಗಶಾಲೆಯಲ್ಲಿ ಜಾಗ ಖಾಲಿಯಿರಲಿಲ್ಲ. ಡೆರೆಕ್ ರಿಕ್ಟರ್ ಎಂಬ ಸಂಶೋಧಕರು ತಮ್ಮ ಮೇಜನ್ನು ಹಗಲು ಅವರಿಗೆ ಬಿಟ್ಟುಕೊಟ್ಟು ತಾವು ರಾತ್ರಿ ಕೆಲಸ ಮಾಡಿಕೊಂಡರು. ಬೆಂಗಳೂರಿನಲ್ಲಿ ಷರತ್ತು ಹಾಕಿ ಕೊಟ್ಟ ಜಾಗಕ್ಕೂ ಇಲ್ಲಿ ಕೇಳದೆಯೇ ದೊರೆತ ಅರ್ಧ ಮೇಜಿಗೂ ಇರುವ ಅಂತರವನ್ನು ವಾಚಕರೇ ಊಹಿಸಿಕೊಳ್ಳಬಹುದು. ಅನಂತರ ರಾಬಿನ್ ಹಿಲ್ ಅವರ ಜೊತೆಯಲ್ಲಿ ಸಸ್ಯಗಳ ಉಸಿರಾಟವನ್ನು ಕುರಿತು ಕೆಲಸ ಮಾಡುತ್ತ, ಆಲೂಗೆಡ್ಡೆಯಲ್ಲಿ ಸೈಟೋಕ್ರೋಮ್ ಸಿ ಎಂಬ ಪದಾರ್ಥ ಇರುವುದನ್ನೂ, ಸಸ್ಯದ ಜೀವಕೋಶಗಳ ಉತ್ಕರ್ಷಣ ಕ್ರಿಯೆಯಲ್ಲಿ ಅದರ ಪಾತ್ರವನ್ನೂ ತೋರಿಸಿದರು. ಹದಿನಾಲ್ಕು ತಿಂಗಳಿನಲ್ಲಿ ಮುಗಿದ ಆ ಪ್ರಬಂಧ ಕೇವಲ 40 ಪುಟ. 1939ರಲ್ಲಿ ಅವರಿಗೆ ಪಿಎಚ್.ಡಿ. ಪದವಿ ದೊರೆಯಿತು. ಕೇಂಬ್ರಿಜ್ಜಿನಿಂದ ವಿಜ್ಞಾನದಲ್ಲಿ ಆ ಪದವಿಯನ್ನು ಪಡೆದ ಮೊದಲ ಭಾರತೀಯ ಮಹಿಳೆಯೆಂದು ಅವರನ್ನು ಗುರುತಿಸುತ್ತಾರೆ. ಪ್ರಬಂಧವೆಂದರೆ ಪುಟ ತುಂಬಿಸುವುದೆಂದು ತಿಳಿದಿರುವ ನಮಗೆ ಆ 40 ಪುಟಗಳಲ್ಲಿ ಒಂದು ಪಾಠವಿದೆ.

ಹೊರದೇಶದಲ್ಲಿ ನಿಲ್ಲದೆ ಅದೇ ವರ್ಷ ಅವರು ಭಾರತಕ್ಕೆ ಹಿಂದಿರುಗಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ, ಅನಂತರ ನೀಲಗಿರಿಯ ಕೂನೂರಿನ ಪೋಷಣಾ ಸಂಶೋಧನಾಲಯದಲ್ಲಿ ಸಹಾಯಕ ನಿರ್ದೇಶಕರಾಗಿ ಕೆಲಸ ಮಾಡಿದರು. ಕೂನೂರಿನಲ್ಲಿ ಜೀವಸತ್ವಗಳನ್ನು ಕುರಿತು ಪರಿಶೋಧನೆ ನಡೆಸಿದರು. 1947ರಲ್ಲಿ ಎಂ. ವಿ. ಸೊಹೋನಿಯವರನ್ನು ಮದುವೆಯಾಗಿ ಬೊಂಬಾಯಿಗೆ ಹೋಗಿ, ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನ ಹೊಸ ಜೀವರಸಾಯನ ವಿಭಾಗವನ್ನು ಸೇರಿದರು. ಬೆಂಗಳೂರಿನಲ್ಲಿ ಹಿಡಿದ ಬೇಳೆ ಕಾಳುಗಳ ಕೆಲಸ ಅಲ್ಲಿ ವಿದ್ಯಾರ್ಥಿಗಳ ತಂಡದೊಡನೆ ಮುಂದುವರಿಯಿತು.

ಅದರಲ್ಲಿ ನಮ್ಮ ಮನೆಗಳಿಗೆ ನೇರವಾಗಿ ಸಂಬಂಧಿಸಿದ ಒಂದು ಸಂಗತಿಯುಂಟು. ಸಂಕ್ರಾಂತಿಯ ಹೊತ್ತಿಗೆ ಬೆಂಗಳೂರಿನ ಸುತ್ತಿನಲ್ಲೆಲ್ಲ ಅವರೆಕಾಯಿಯ ಸೊಗಡು ತುಂಬಿರುತ್ತದೆಯಷ್ಟೆ. ಈ ಅವರೆಯೇ ಮೊದಲಾದ ಕಾಳುಗಳಲ್ಲಿ ಪ್ರೋಟೀನಿನೊಡನೆ ಅದರ ಶತ್ರುವೂ ಕೂಡಿದೆ. ನಮ್ಮ ಕರುಳಿನಲ್ಲಿ ಪ್ರೋಟೀನನ್ನು ಜೀರ್ಣಿಸುವ ಟ್ರಿಪ್ಸಿನ್ ಎಂಬ ಕಿಣ್ವವನ್ನು ತಡೆಯುವ ಪದಾರ್ಥ ಅದು. 1950ರ ದಶಕದಲ್ಲಿ ಕಮಲಾ ಸೊಹೋನಿಯವರೂ ಅವರ ವಿದ್ಯಾರ್ಥಿಗಳೂ ಅದನ್ನು ಕಾಳಿನಿಂದ ಬೇರ್ಪಡಿಸಿ ಪರೀಕ್ಷಿಸಿದರು. ಬೇಯಿಸಿದಾಗ ಆ ತಡೆಯ ಬಹುಭಾಗ ನಾಶವಾಗುತ್ತದೆ. ಅವರೆಕಾಳನ್ನು ಚೆನ್ನಾಗಿ ಬೇಯಿಸದೆ ಬಡಿಸಬಾರದೆಂಬ ಅಜ್ಜಿಯರ ಕಟ್ಟಳೆಗೆ ಇದೊಂದು ಬಲವಾದ ಆಧಾರ. ಪ್ರೋಟೀನು ಎಷ್ಟು ಜೀರ್ಣವಾಯಿತೆಂದು ಅಳೆಯಲು ಸಹ ಆಮ್ಲ ಕ್ಷಾರಗಳ ಒಂದು ಟೈಟ್ರೇಷನ್ ಇದೆ. ಪ್ರೋಟೀನು ಒಡೆದಂತೆಲ್ಲ ಅಮೈನೋ ಆಮ್ಲಗಳ ತುದಿಗಳು ಹೊರಬೀಳುತ್ತವೆ. ಅವುಗಳ ಕ್ಷಾರಗುಣದ ತುದಿಯನ್ನು ಫಾರ್ಮಾಲಿನ್ನಿನಿಂದ ಕಟ್ಟಿಹಾಕಿ, ಆಮ್ಲಗುಣದ ತುದಿಯನ್ನು ಕಾಸ್ಟಿಕ್ ಸೋಡದಿಂದ ಅಳೆಯುವುದು ಅದರ ಗುಟ್ಟು. 1907ರಲ್ಲಿ ಈ ವಿಧಾನವನ್ನು ಕೊಟ್ಟವರು ಅದೇ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಸೋರೆನ್ಸೆನ್. ಎರಡು ವರ್ಷಗಳ ಮೇಲೆ ಪಿಎಚ್ ಎಂಬ ಅಳತೆಯನ್ನು ಜಗತ್ತಿಗೆ ಕೊಟ್ಟವರೂ ಅವರೇ.

ಕಮಲಾ ಅವರಿಗೆ ಹೆಚ್ಚು ಹೆಸರು ತಂದ ಕೆಲಸ ನೀರಾದ ಮೇಲಿನದು. ರಾಷ್ಟ್ರಪತಿ ಬಾಬು ರಾಜೇಂದ್ರಪ್ರಸಾದರ ಸೂಚನೆಯಂತೆ ಅವರು ಈ ಕೆಲಸವನ್ನು ಕೈಗೊಂಡರು. ತಾಳೆ ಜಾತಿಯ ಮರಗಳಿಂದ ಇಳಿಸಿದ ಹೊಸ ರಸ ಸಿಹಿ. ಕೆಲವೇ ಗಂಟೆಗಳಲ್ಲಿ ಹುದುಗೆದ್ದು ಹುಳಿಯಾಗಿ ಹೆಂಡವಾಗುತ್ತದೆ. ಬಟ್ಟಲಿನಲ್ಲಿರುವುದು ನೀರಾ ಆಗಿ ಉಳಿದಿದೆಯೋ ಇಲ್ಲವೋ ಎಂಬುದನ್ನು ಅದರ ಹುಳಿಯ ಅಳತೆ ನಾಲಗೆಗಿಂತ ಮೊದಲೇ ಹೇಳಬಲ್ಲದು. ನೀರಾದಲ್ಲಿಯೂ ಅದರಿಂದ ಮಾಡಿದ ಬೆಲ್ಲದಲ್ಲಿಯೂ ಜೀವಸತ್ವಗಳೂ ಕಬ್ಬಿಣವೂ ಇವೆಯೆಂದು ಅವರು ತೋರಿಸಿದರು. ಬುಡಕಟ್ಟಿನ ಜನರಲ್ಲಿ ಪೋಷಣೆ ಸಾಲದ ಮಕ್ಕಳಿಗೂ ಗರ್ಭಿಣಿಯರಿಗೂ ಅದನ್ನು ಕೊಟ್ಟಾಗ ಆರೋಗ್ಯ ಸುಧಾರಿಸಿದ್ದು ಕಂಡುಬಂತು. ಈ ಕೆಲಸಕ್ಕೆ ರಾಷ್ಟ್ರಪತಿಗಳ ಪ್ರಶಸ್ತಿ ದೊರೆಯಿತು. ಬೊಂಬಾಯಿಯ ಆರೆ ಹಾಲಿನ ಯೋಜನೆಗೆ ಹಾಲಿನ ಗುಣವನ್ನು ಕುರಿತು ಸಲಹೆ ಕೊಟ್ಟವರೂ ಅವರೇ.

ಇಷ್ಟೆಲ್ಲ ಆದಮೇಲೂ ಅವರು ದುಡಿಯುತ್ತಿದ್ದ ಸಂಸ್ಥೆಯ ನಿರ್ದೇಶಕ ಪದವಿ ಒಳಗಿನ ರಾಜಕೀಯದಿಂದಾಗಿ ನಾಲ್ಕು ವರ್ಷ ತಡವಾಗಿ ಅವರಿಗೆ ದೊರೆಯಿತು. 1933ರಲ್ಲಿ ಮುಗಿಯಿತೆಂದುಕೊಂಡಿದ್ದ ಕಾಯುವಿಕೆ ಮೂರು ದಶಕಗಳ ಮೇಲೆ ಮತ್ತೆ ಎದುರಾಯಿತು. 1969ರಲ್ಲಿ ನಿವೃತ್ತರಾದರು.

ನಿವೃತ್ತಿಯ ಮೇಲೂ ಅವರು ಸುಮ್ಮನೆ ಕೂರಲಿಲ್ಲ. 1966ರಲ್ಲಿ ಬೊಂಬಾಯಿಯಲ್ಲಿ ಒಂಬತ್ತು ಮಂದಿ ಹೆಂಗಸರು ಸೇರಿ ಗ್ರಾಹಕರ ಮಾರ್ಗದರ್ಶನ ಸಂಘವೊಂದನ್ನು ಕಟ್ಟಿದ್ದರು. ಕಮಲಾ ಅವರು ಅದರ ಸ್ಥಾಪಕ ಸದಸ್ಯರಲ್ಲೊಬ್ಬರು, 1982–83ರಲ್ಲಿ ಅಧ್ಯಕ್ಷರಾದರು. ಸಂಘದ ಪತ್ರಿಕೆಯಲ್ಲಿ ಗ್ರಾಹಕರ ಸುರಕ್ಷತೆಯನ್ನು ಕುರಿತು ಬರೆದರು. ಅಂಗಡಿಯ ಮಾಲನ್ನು ಏಕೆ ಅಳೆದು ನೋಡಬೇಕೆಂಬುದಕ್ಕೆ ಎರಡು ನಿದರ್ಶನ ಸಾಕು. ಹುಳಿಯೇರಿದ ಹಾಲಿಗೆ ಅಡುಗೆ ಸೋಡ ಬೆರೆಸಿದರೆ ಟೈಟ್ರೇಷನ್ನಿನ ಓದಿಕೆ ತಗ್ಗಿ, ಹಳೆಯ ಹಾಲು ಹೊಸದರಂತೆ ತೋರುತ್ತದೆ. ಅದನ್ನು ಹಿಡಿಯಲು ಇನ್ನೊಂದು ಪರೀಕ್ಷೆ ಬೇಕು. ಕಮಲಾ ಅವರು ತೀರಿಕೊಂಡು ಹತ್ತು ವರ್ಷಗಳಾದ ಮೇಲೆ, 2008ರಲ್ಲಿ, ಚೀನಾದೇಶದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮಿನ್ ಎಂಬ ಪದಾರ್ಥವನ್ನು ಸೇರಿಸಿದರು. ಅದರ ತೂಕದಲ್ಲಿ ಮೂರನೆಯ ಎರಡು ಪಾಲು ಸಾರಜನಕ. ಕೆಲ್ಡಾಲರ ವಿಧಾನ ಅಳೆಯುವುದು ಸಾರಜನಕವನ್ನೇ ಹೊರತು ಪ್ರೋಟೀನನ್ನಲ್ಲವಾದ್ದರಿಂದ ಹಾಲು ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆಬಿದ್ದರು. ಆರು ಹಸುಗೂಸುಗಳು ಸತ್ತವು. ನಾನು ಬರೆದ ಸುಳ್ಳು 9.8ರಿಂದ ಯಾರೂ ಸಾಯಲಿಲ್ಲವೆಂಬುದು ನಿಜ. ಆದರೆ ಸುಳ್ಳು ಓದಿಕೆಯ ಜಾತಿ ಒಂದೇ.

ಬಾಗಿಲಿನ ಹೊರಗೆ ನಿಂತ ಆ ದಿನಗಳನ್ನು ಕಮಲಾ ಅವರು ಕೊನೆಯವರೆಗೂ ಮರೆಯಲಿಲ್ಲ. 1997ರಲ್ಲಿ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘ ಏರ್ಪಡಿಸಿದ್ದ ಸಭೆಯಲ್ಲಿ, ಅರವತ್ತು ವರ್ಷಕ್ಕೂ ಹಿಂದಿನ ಆ ನೋವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ದೊಡ್ಡವರ ಹೆಸರಿಗೆ ಕುಂದು ಬಾರದಿರಲೆಂದು ಸಂಗತಿಯನ್ನು ಮರೆಮಾಡಲಿಲ್ಲ. ಕಂಡದ್ದನ್ನು ಕಂಡಂತೆ ಬರೆಯುವ ಪ್ರಯೋಗಶಾಲೆಯ ಅಭ್ಯಾಸವೇ ಅದು. 1998ರ ಜೂನ್ 28ರಂದು ಅವರು ತೀರಿಕೊಂಡರು.

ಕಳೆದ ವರ್ಷ ಟಾಟಾ ಇನ್‌ಸ್ಟಿಟ್ಯೂಟಿನ ಬಾಗಿಲನ್ನು ಸಾರ್ವಜನಿಕರಿಗೆ ತೆರೆಯುವ ದಿನ ನಾನು ತಂಗಿಯನ್ನು ಕರೆದುಕೊಂಡು ಉತ್ತರಹಳ್ಳಿಯಿಂದ ಎರಡು ಬಸ್ಸು ಹಿಡಿದು ಅಲ್ಲಿಗೆ ಹೋಗಿದ್ದೆ. ಗೋಪುರದ ದೊಡ್ಡ ಕಟ್ಟಡದ ಮುಂದೆ ನೂರಾರು ಹುಡುಗಿಯರು ಗುಂಪುಗುಂಪಾಗಿ ಓಡಾಡುತ್ತಿದ್ದರು. ಅವರನ್ನು ತಡೆಯುವವರು ಯಾರೂ ಇರಲಿಲ್ಲ. ನಾನು ಒಂದು ಮರದ ನೆರಳಿನಲ್ಲಿ ನಿಂತು ನನ್ನ ವಿಷಯವನ್ನೇ ಯೋಚಿಸಿದೆ. ಪಿ.ಯು.ಸಿ. ಮುಗಿದಾಗ, ವಿಜ್ಞಾನವಾದರೆ ಪ್ರಯೋಗಶಾಲೆಯಿಂದ ಬರುವಷ್ಟರಲ್ಲಿ ಕತ್ತಲಾಗುವುದೆಂದು ಮನೆಯಲ್ಲಿ ಹೇಳಿದರು. ನಾನು ಒಂದು ಮಾತೂ ಆಡದೆ ಒಪ್ಪಿಕೊಂಡೆ. ಇತಿಹಾಸವನ್ನು ನಾನು ಈಗ ಪ್ರೀತಿಯಿಂದಲೇ ಓದುತ್ತಿದ್ದೇನೆ. ಆ ಬಗ್ಗೆ ದೂರಿಲ್ಲ. ಆದರೆ ನನ್ನನ್ನು ಯಾರೂ ಬಾಗಿಲಿನಿಂದ ಹಿಂದಕ್ಕೆ ಕಳುಹಿಸಲಿಲ್ಲ. ನಾನು ಬಾಗಿಲಿನವರೆಗೆ ಹೋಗಲೇ ಇಲ್ಲ.

ಈ ವರ್ಷ ತಂಗಿಯ ಪಿ.ಯು.ಸಿ. ಮುಗಿಯಿತು. ಅವಳಿಗೆ ರಸಾಯನಶಾಸ್ತ್ರ ಬೇಕು. ಮನೆಯಲ್ಲಿ ಮತ್ತೆ ಅದೇ ಕತ್ತಲೆಯ ಮಾತು, ಅದೇ ಬಸ್ಸಿನ ಮಾತು ಬಂದಿತು. ಈ ಸಲ ನಾನು ಸುಮ್ಮನಿರಲಿಲ್ಲ. ತಂದೆಯವರಿಗೆ ಕಮಲಾ ಸೊಹೋನಿಯವರ ಕಥೆಯನ್ನು ಮೊದಲಿನಿಂದ ಹೇಳಿದೆ. ಅಜ್ಜಿಯೂ ಕುಳಿತು ಕೇಳಿ, ಹಾಲಿನ ವಿಷಯ ಬಂದಾಗ ತಮ್ಮ ತಪ್ಪನ್ನು ಕಂಡುಹಿಡಿದದ್ದು ಈ ವಿದ್ಯೆಯೇ ಎಂದು ಒಪ್ಪಿಕೊಂಡರು. ತಂದೆಯವರು ಬಹಳ ಹೊತ್ತು ಯೋಚಿಸಿ, ಒಂದು ವರ್ಷ ನೋಡೋಣವೆಂದರು. ಅವರಿಗೆ ತಿಳಿಯದೆಯೇ ಅವರೂ ರಾಮನ್ನರ ಷರತ್ತನ್ನೇ ಹಾಕಿದ್ದರು! ತಂಗಿ ನನ್ನ ಕಡೆ ನೋಡಿ ನಕ್ಕಳು.

ಈಗ ಅವಳು ವಾರಕ್ಕೆ ಎರಡು ದಿನ ಸಂಜೆ ತಡವಾಗಿ ಮನೆಗೆ ಬರುತ್ತಾಳೆ. ನಾನು ಬಸ್‌ಸ್ಟಾಪಿನವರೆಗೆ ಹೋಗಿ ಕಾದಿದ್ದು ಕರೆದುಕೊಂಡು ಬರುತ್ತೇನೆ. ದಾರಿಯಲ್ಲಿ ಅವಳ ಅಂದಿನ ಓದಿಕೆಗಳು ಏನೇನು ಬಂದವೆಂದು ಕೇಳುತ್ತೇನೆ. ಹೊಂದದೆ ಇದ್ದರೆ ಹೊಂದಲಿಲ್ಲವೆಂದೇ ಹೇಳುತ್ತಾಳೆ.